ನಂಬರ್ ಇಲ್ಲದ ಬಾಗಿಲು

ಭಾನುವಾರ ಸಂಜೆ ಐದೂವರೆ. ಧಾರವಾಡದ ಒಂದು ಆರ್ಟ್ ಗ್ಯಾಲರಿಗೆ ಫಕ್ಕೀರವ್ವ ತನ್ನ ಮನೆಯ ಬಾಗಿಲು ಕೇಳಲು ಬಂದಳು.

ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟಳು. ಬಾಗಿಲು ಹೇರಿಕೊಂಡು ಹೋಗಲು ಹೊರಗೆ ಟಂಟಂ ಗಾಡಿ ಕಾಯುತ್ತಿತ್ತು...

ಫಕ್ಕೀರವ್ವ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವಾಕೆ. ಒಂದೂವರೆ ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಅವಳ ಓಣಿಯ ಮನೆಗಳನ್ನೆಲ್ಲ ಕೆಡವಿದ್ದರು.

ಅದಕ್ಕೂ ಮೊದಲು ಸರ್ವೆಯವರು ಬಂದು ಪ್ರತಿ ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದರು. ನಂಬರ್ ಬಿದ್ದ ಮನೆಯವರಿಗೆ ಊರಾಚೆ ಹೊಸ ಮನೆ.

ಫಕ್ಕೀರವ್ವನ ಬಾಗಿಲ ಮೇಲೂ ನಂಬರ್ ಬಿದ್ದಿತ್ತು. ಆದರೆ ಪಾಲಿಕೆ ಕಚೇರಿಯ ದಾಖಲೆಯಲ್ಲಿ ಅವಳ ಮನೆ ಬಿಟ್ಟುಹೋಗಿತ್ತು...

"ಬಾಗಲಾ ಇದ್ರ ತಗೊಂಡ್ ಬರ್ರಿ. ಅದರ ಮ್ಯಾಲೆ ನಮ್ಮವರು ಬರದ ನಂಬರ್ ಇದ್ರ ಹೆಸರು ಸೇರಸ್ತೀನಿ. ಸೋಮವಾರ ಕಡೀ ದಿನ," ಎಂದು ಕಳೆದ ವಾರವಷ್ಟೇ ಹೇಳಿದ್ದರು ಅಲ್ಲಿನ ಸಾಹೇಬರು.

ಬಾಗಿಲು ಇತ್ತು. ಅವಳ ಬಳಿ ಇರಲಿಲ್ಲ, ಅಷ್ಟೇ.

ಜೆಸಿಬಿ ಬಂದ ದಿನ ತೇಜಸ್ ಎಂಬ ಯುವ ಕಲಾವಿದ ಕ್ಯಾಮೆರಾ ಹಿಡಿದು ಓಣಿಗೆ ಬಂದಿದ್ದ. ಕ್ಯಾಮೆರಾ ಬದಿಗಿಟ್ಟು, ಅವಳ ಜೊತೆ ತಾನೂ ಕೈಹಚ್ಚಿ ಬಾಗಿಲು ಬಿಚ್ಚಿಕೊಟ್ಟಿದ್ದ.

ಅವಳು ಹೋಗಿ ಸೇರಬೇಕಿದ್ದ ತಂಗಿಯ ಬಾಡಿಗೆ ಕೋಣೆಯಲ್ಲಿ ಮಲಗುವುದಕ್ಕೇ ಜಾಗವಿಲ್ಲ. ಇನ್ನು ಬಾಗಿಲು ಎಲ್ಲಿಡುವುದು...

"ನಾನು ಜ್ವಾಪಾನ ಇಟ್ಕೋತೀನ್ರೀ ಅವ್ವಾರ," ಎಂದು ತೇಜಸ್ ಅವಳ ಕೈಗೆ ನೋಟು ಹಿಡಿಸಲು ಬಂದಿದ್ದ.

ಫಕ್ಕೀರವ್ವ ಆ ಹೊತ್ತಿನಲ್ಲೂ ನಕ್ಕಿದ್ದಳು. "ಇಟ್ಕೊಳ್ಳಾಕ ನಾನ ನಿನಗ ರೊಕ್ಕ ಕೊಡಬೇಕೋ ತಮ್ಮಾ. ನೀ ನನಗ ಕೊಡಾಕ ಬಂದೀಯಲ್ಲ."

ಅವಳ ಓಣಿಯ ರೂಢಿ ಅದು. ಮನೆ ಬದಲಿಸುವವರು ಮಂಚವನ್ನೋ ಕಪಾಟನ್ನೋ ಗುರುತಿನವರ ಮನೆಯಲ್ಲಿಟ್ಟು, ಜಾಗವಾದಾಗ ಒಯ್ಯುತ್ತಾರೆ. ಅದಕ್ಕೆ ಯಾರೂ ದುಡ್ಡು ಮುಟ್ಟುವುದಿಲ್ಲ.

ಅವಳು ಬಾಗಿಲನ್ನು ಇಡಲು ಕೊಟ್ಟಿದ್ದಳು... ಅವನು ಅದನ್ನು ಕೊಟ್ಟೇಬಿಟ್ಟಳು ಎಂದುಕೊಂಡಿದ್ದ.

ಈಗ ಅವನನ್ನು ಎಲ್ಲಿ ಹುಡುಕುವುದೆಂದು ಅವಳಿಗೆ ಗೊತ್ತಿರಲಿಲ್ಲ. ಶನಿವಾರ ಖಾನಾವಳಿಯ ಮಾಲೀಕ ಶಿವಯೋಗೆಪ್ಪ ಪೇಪರ್ ಹಿಡಿದು ಅಡುಗೆಮನೆಗೆ ಬಂದ. ಕಲಾಪ್ರದರ್ಶನದ ಸುದ್ದಿ, ಜೊತೆಗೆ ಒಂದು ಫೋಟೋ. ಇಲಿ ಕಡಿದ ಮೂಲೆಗೆ ಎಣ್ಣೆ ಡಬ್ಬಿಯ ತಗಡು ಬಡಿದದ್ದು ಕಂಡೊಡನೆ ಫಕ್ಕೀರವ್ವನಿಗೆ ತನ್ನ ಬಾಗಿಲ ಗುರುತು ಸಿಕ್ಕಿತು.

"ನಿನ್ನ ಬಾಗಲಾ ಪೇಪರ್‌ನ್ಯಾಗ ಬಂತು, ನಿನ್ನ ಫೋಟೋ ಬರಲಿಲ್ಲ ನೋಡು," ಎಂದು ಶಿವಯೋಗೆಪ್ಪ ನಕ್ಕ. ಮರುದಿನ ತಾನೇ ಟಂಟಂ ಓಡಿಸಿಕೊಂಡು ಅವಳನ್ನು ಧಾರವಾಡಕ್ಕೆ ಕರೆತಂದ.

ಗ್ಯಾಲರಿಯ ನಡುವೆ, ಸಣ್ಣ ತಂತಿಗಳಲ್ಲಿ ಆ ಬಾಗಿಲು ತೂಗುತ್ತಿತ್ತು. ಪಕ್ಕದ ಬೋರ್ಡಿನಲ್ಲಿ ಹೆಸರು: 'ಎಲ್ಲರ ಮನೆ'. ಅದರ ಕೆಳಗೆ, 'ಕಲೆಗಾಗಿ ಒಬ್ಬ ತಾಯಿಯ ಉಡುಗೊರೆ'.

ಬಾಗಿಲು ಪೂರ್ತಿ ಬೆಳ್ಳಗಿತ್ತು...

ಫಕ್ಕೀರವ್ವ ಹತ್ತಿರ ಹೋಗಿ, ನಂಬರ್ ಇದ್ದ ಕಡೆ ಕೈಯಾಡಿಸಿದಳು.

"ಮುಟ್ಟಬ್ಯಾಡ್ರಿ ಅಜ್ಜಿ," ಎಂದ ಸೆಕ್ಯುರಿಟಿಯವನು.

ಅಷ್ಟರಲ್ಲಿ ತೇಜಸ್ ಅವಳನ್ನು ಕಂಡು ಓಡಿ ಬಂದ. ಎಲ್ಲರಿಗೂ ಪರಿಚಯಿಸಿದ. "ಇವರೇ ಆ ತಾಯಿ," ಎಂದ. ಜನ ಚಪ್ಪಾಳೆ ತಟ್ಟಿದರು. ರೇಷ್ಮೆ ಸೀರೆಯ ಹೆಂಗಸೊಬ್ಬರು ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಚಪ್ಪಾಳೆ ಮುಗಿದ ಮೇಲೆ ಫಕ್ಕೀರವ್ವ ತೇಜಸ್‌ನನ್ನು ಕೇಳಿದಳು.

"ನಂಬರ್ ಎಲ್ಲಿ ಹೋತಪಾ?"

"ಪಾಲಿಶ್ ಪೇಪರ್ ಹಚ್ಚಿ ತಗದು, ಬಿಳಿ ಬಣ್ಣಾ ಹೊಡದೇನ್ರೀ. ನಂಬರ್ ಇದ್ರ ಅದು ಯಾರೋ ಒಬ್ಬರ ಬಾಗಲಾ ಆಗ್ತಿತ್ತು. ಈಗ ಎಲ್ಲಾರ ಬಾಗಲಾ ಆತು."

"ಎಲ್ಲಾರಿಗೂ ಮನಿ ಅದಾವ ತಮ್ಮಾ. ಬೇಕಾಗಿದ್ದು ನನಗ."

ನಾಳೆ ಕೊನೆಯ ದಿನ ಎಂಬುದನ್ನು ಅವಳು ಹೇಳಿದಾಗ ತೇಜಸ್‌ನ ಮುಖ ಇಳಿಯಿತು. ಫೋನ್ ತೆಗೆದು ಅಂದಿನ ಫೋಟೋಗಳನ್ನೆಲ್ಲ ಹುಡುಕಿದ.

ಅವಳ ಬಿರಿದ ಪಾದ ಇತ್ತು. ಧೂಳಿನಲ್ಲಿ ಬಿದ್ದ ಬೆಳಕು ಇತ್ತು. ಕಣ್ಣೀರು ತುಂಬಿದ ಮುಖ ಅಷ್ಟು ಹತ್ತಿರದಿಂದ ಇತ್ತು... ಬಾಗಿಲು ಮಾತ್ರ ಎಲ್ಲ ಫೋಟೋದಲ್ಲೂ ಮಸುಕಾಗಿ ಹಿಂದೆ ಇತ್ತು. ನಂಬರ್ ಓದಲು ಬರುತ್ತಿರಲಿಲ್ಲ.

"ಬಾಗಲಾ ಆದ್ರೂ ಕೊಡು, ಒಯ್ತೀನಿ."

ತೇಜಸ್ ಬೋರ್ಡಿನ ಮೂಲೆಗೆ ಅಂಟಿಸಿದ್ದ ಚಿಕ್ಕ ಕೆಂಪು ಚುಕ್ಕೆಯ ಕಡೆ ನೋಡಿದ. "ಮುಂಜಾನೆ ಮಾರಾಟ ಆತ್ರೀ ಅವ್ವಾರ... ನಾಳೆ ನಾನೂ ಕಚೇರಿಗೆ ಬರ್ತೀನಿ. ನಿಮ್ಮದ ಬಾಗಲಾ ಅಂತ ಹೇಳ್ತೀನಿ."

ಫಕ್ಕೀರವ್ವ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

ಟಂಟಂನಲ್ಲಿ ಹಗ್ಗ ಬಿಚ್ಚಿಟ್ಟುಕೊಂಡು ಕೂತಿದ್ದ ಶಿವಯೋಗೆಪ್ಪ. "ಯಾಕ, ಬಾಗಲಾ ಎಲ್ಲಿ?"

"ಅದು ಎಲ್ಲಾರದಂತ," ಎಂದು ಫಕ್ಕೀರವ್ವ ಖಾಲಿ ಗಾಡಿಯ ಹಿಂದೆ ಹತ್ತಿ ಕೂತಳು.

ಒಬ್ಬರ ನೋವನ್ನು 'ಎಲ್ಲರದು' ಎಂದು ಸಾರುವ ಮೊದಲು, ಅದು ಯಾರದೋ ಅವರನ್ನು ಒಂದು ಮಾತು ಕೇಳಬೇಕು.

ನಾವು ಕಣ್ಣೊರೆಸಿಕೊಂಡು ಫಾರ್ವರ್ಡ್ ಮಾಡಿದ ಫೋಟೋಗಳಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಿದೆ?

ಸೋಮವಾರ ತೇಜಸ್ ಹೇಳಿದಂತೆ ಕಚೇರಿಗೆ ಬಂದ. ಸಾಹೇಬರು ಅವನ ಮಾತು ಪೂರ್ತಿ ಕೇಳಿ, "ನಂಬರ್ ತೋರಸ್ರಿ," ಎಂದರು. ಫಕ್ಕೀರವ್ವನ ಹೆಸರು ಸೇರಲಿಲ್ಲ. ಬಾಗಿಲು ಈಗ ಒಂದು ಹೋಟೆಲಿನ ಲಾಬಿಯಲ್ಲಿದೆ.