ಹುಸೇನಬಿ ಭಜಿ ಅಂಗಡಿ, ಜೋಯಿಡಾ ರಸ್ತೆ

ಮತ್ತೆ ಒಂದೇ ನಕ್ಷತ್ರ.

ಭಾನುವಾರ ಬೆಳಿಗ್ಗೆ ಎಣ್ಣೆ ಕಾಯುವ ಮೊದಲೇ ಸುಮಯ್ಯಾಳ ತಲೆ ಕಾದಿತ್ತು. ಫೋನಿನ ಮ್ಯಾಪಿನಲ್ಲಿ ಅತ್ತೆಯ ಅಂಗಡಿಯ ಹೆಸರಿನ ಕೆಳಗೆ ಯಾರೋ ಹೊಸದಾಗಿ ಬರೆದಿದ್ದರು: ‘ಗಡ್ಡಿ ಭಜಿ ತಿಂದು ಗಂಟಲು ತುರಿಸಿತು. ಯಾರೂ ಹೋಗಬೇಡಿ.’ ಬರೆದವರ ಹೆಸರಿಲ್ಲ, ಮುಖವಿಲ್ಲ. ಜೊತೆಗೊಂದು ಫೋಟೊ, ಅದರಲ್ಲಿ ಖಾಲಿ ತಟ್ಟೆ. ತಿನ್ನಲಾಗದೆ ನಾಯಿಗೆ ಸುರಿದಿರಬೇಕು ಎಂದುಕೊಂಡ ಅವಳಿಗೆ ಅಳುವೇ ಬಂತು.

ಮಳೆಗಾಲ ಮುಗಿದಾಗಿನಿಂದ ಇದೇ ಕಥೆ. ಮಿರ್ಚಿ ಹಸಿ, ಗಿರಮಿಟ್ಟು ಮೆತ್ತಗೆ, ಎಣ್ಣೆ ಹಳೆಯದು. ಒಂದಾದ ಮೇಲೊಂದು ಬರೆಯುತ್ತಲೇ ಇದ್ದರು. ಕಾಳಿ ನದಿಯಲ್ಲಿ ದೋಣಿಯಾಟ ಮುಗಿಸಿ ಹಸಿದು ಬರುತ್ತಿದ್ದ ಪ್ರವಾಸಿಗರು ಈಗ ಕಾರಿನ ಗಾಜನ್ನೂ ಇಳಿಸದೆ ಹೋಗುತ್ತಿದ್ದರು.

ಹುಸೇನಬಿ ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಗಳು. ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ, ಮತ್ತಿ ಮರದ ಕೆಳಗೆ ಆಕೆ ಒಲೆ ಹೂಡಿದಾಗ ಸೊಸೆ ಸುಮಯ್ಯಾ ಇನ್ನೂ ಹುಟ್ಟಿರಲಿಲ್ಲ. ಕಾಗದದ ಮಿಲ್ಲಿನಲ್ಲಿ ಪಾಳಿ ಮುಗಿಸಿದವರು ಮನೆಗೆ ಹೋಗುವ ಮುನ್ನ ಇಲ್ಲಿ ಹಾಜರಿ ಹಾಕುತ್ತಿದ್ದರು. ಅವರೇ ಈಗ ನಿವೃತ್ತರಾಗಿ ಮರದಡಿಯ ಬೆಂಚು ಹಿಡಿದಿದ್ದಾರೆ. ಪ್ರೀತಿ ಬೆಟ್ಟದಷ್ಟು, ಹೊಟ್ಟೆ ಮಾತ್ರ ಡಾಕ್ಟರರ ಸುಪರ್ದಿಯಲ್ಲಿ. ಒಂದು ಪ್ಲೇಟು ಹೇಳಿ ಇಬ್ಬರು ತಿಂದು ಸಂಜೆಯವರೆಗೂ ಕೂರುತ್ತಾರೆ. ಪ್ರೀತಿಯಿಂದ ಎಣ್ಣೆ ಬರುತ್ತದೆಯೇ?

ಹುಸೇನಬಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. “ಈ ಐತವಾರನೂ ಹಿಟ್ಟು ಉಳೀತಂದ್ರ ಒಲಿ ಆರಿಸಿಬಿಡೂಣು. ಊರಿಗೆ ಹೋಗಿ ಕೂಲಿ ಮಾಡೂಣು.”

ಆ ಮಾತು ಸುಮಯ್ಯಾಳ ಎದೆಗೆ ಚುಚ್ಚಿತ್ತು. ಕಂಡವರ ಹೊಲದಲ್ಲಿ ಬಗ್ಗಿ ಬೆಳೆದವಳು ಅವಳು. ನೆಟ್ಟಗೆ ನಿಂತು ದುಡಿಯುವ ಸುಖ ಕಂಡದ್ದೇ ಈ ಒಲೆಯ ಮುಂದೆ.

ಅದಕ್ಕೇ ಗೆಡ್ಡೆಯ ಭಜಿ. ಜೋಯಿಡಾ ಕಾಡಂಚಿನ ಗೆಡ್ಡೆಯನ್ನು ತೆಳ್ಳಗೆ ಹೆಚ್ಚಿ, ಹುಣಸೆನೀರಿನಲ್ಲಿ ನೆನೆಸಿ, ಗರಿಗರಿಯಾಗಿ ಕರಿದು, ಶನಿವಾರ ಬೆಂಚಿನವರಿಗಷ್ಟೇ ರುಚಿಗೆ ಕೊಟ್ಟಿದ್ದಳು. ಬೆಂಚಿನ ಹಿರಿಯ ಮಹಾಂತಪ್ಪ ಕಣ್ಣು ಮುಚ್ಚಿಕೊಂಡು ತಿಂದ.

“ಯವ್ವಾ, ಇದನ್ನ ಯಾರಿಗೂ ಕೊಡಬ್ಯಾಡ!” ಎಂದ. ಎಲ್ಲರೂ ನಕ್ಕರು.

ಪಕ್ಕದಲ್ಲಿ ಕೂತಿದ್ದ ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹುಸೇನಬಿ ಒಲಿ ಆರಿದ್ರ ನಮ್ಮ ಮನಿ ದೀಪ ಆರಿದಂಗ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮಹಾಂತಪ್ಪನಂತೂ ಹಾಲಿನಂಥ ಮನುಷ್ಯ. ಧಾರವಾಡ ಕಡೆಯಿಂದ ಹುಡುಗನಾಗಿ ಮಿಲ್ಲಿಗೆ ಬಂದವನು ಹುಸೇನಬಿಯನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಅಂಗಡಿಯ ಮುಂದೆ ಯಾವ ಕಾರು ನಿಧಾನ ಮಾಡಿದರೂ, ಮಂಡಿನೋವು ಲೆಕ್ಕಿಸದೆ ತಾನೇ ಎದ್ದು ಹೋಗುತ್ತಿದ್ದ. “ಪಾಪ, ದಾರಿ ತಪ್ಪಿರ್ತಾರ,” ಎಂದು ಕಿಟಕಿಗೆ ಬಾಗಿ, ಕೈ ತೋರಿಸಿ ಕಳಿಸಿ ಬರುತ್ತಿದ್ದ. ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಸುಮಯ್ಯಾ ಎಷ್ಟೋ ಸಲ ಅಂದುಕೊಂಡಿದ್ದಳು.

ಈಗ ಫೋನಿನಲ್ಲಿ ಬಂದದ್ದನ್ನು ಅವನಿಗೇ ಓದಿ ಹೇಳಿದಳು. ಮಹಾಂತಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ.

“ಎದುರಿನ ಜ್ಯೋತಿಬಾನ ಕೇಳವ್ವಾ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೋತಾನ. ಹೋಗು, ನಿನ್ನ ಹಿಂದ ನಾವದೀವಿ.”

ಬೆಂಚಿನಿಂದ ಒಬ್ಬರೂ ಏಳಲಿಲ್ಲ.

ಜ್ಯೋತಿಬಾ ರಸ್ತೆಯಾಚೆ ಹೊಸದಾಗಿ ಐಸ್‌ಕ್ರೀಮ್ ಅಂಗಡಿ ಇಟ್ಟವನು. ಸುಮಯ್ಯಾ ಸೊಂಟಕ್ಕೆ ಸೆರಗು ಬಿಗಿದು ಅವನ ಮುಂದೆ ನಿಂತಳು. “ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತಿ?”

ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ. ಖಾಲಿ ಕುರ್ಚಿಗಳ ಕಡೆ ಬೆರಳು ಮಾಡಿದ.

“ನಾ ಯಾಕ ಬರೀಲಿ ತಂಗಿ? ನಿಮ್ಮ ಮಿರ್ಚಿ ತಿಂದು ಬಾಯಿ ಸುಟ್ಕೊಂಡವ್ರ ನನ್ನ ಗಿರಾಕಿ. ಅವ್ರು ಬರೂದು ನಿಂತ ಮ್ಯಾಲ ನನ್ನ ಐಸ್‌ಕ್ರೀಮೂ ಕರಗಾಕತ್ತೈತಿ. ಫೋನಿನಾಗ ನಿಮಗ ಐದು ಚಿಕ್ಕಿ ಕೊಟ್ಟಾಂವ ನಾ ಒಬ್ಬನ. ಬೇಕಾದ್ರ ನೋಡು.”

ನೋಡಿದಳು. ನಿಜವಾಗಿತ್ತು. ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದಳು.

ಬಿಸಿಲು ಇಳಿಯಿತು. ಹಿಟ್ಟು ಪಾತೇಲಿಯಲ್ಲಿ ಹಾಗೇ ಇತ್ತು. ಹುಸೇನಬಿ ಭಜಿ ಎತ್ತುವ ಜಾರಾ ತೊಳೆದಿಟ್ಟು, ನೀರಿನ ಕೊಡವನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ವ್ಯಾನೊಂದು ನಿಧಾನ ಮಾಡಿತು. ಒಳಗೆ ಒದ್ದೆ ಬಟ್ಟೆಯ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಕಿಟಕಿ ಇಳಿಯಿತು. ಒಂದು ಮೂಗು ಹೊರಬಂದು ಗಾಳಿಯನ್ನು ಮೂಸಿತು. ಸುಮಯ್ಯಾಳ ಜೀವ ಬಾಯಿಗೆ ಬಂತು. ಇಷ್ಟು ಜನ ಇಳಿದರೆ ಪಾತೇಲಿ ಖಾಲಿ, ಒಲೆ ಉಳಿದಂತೆ.

ಮಹಾಂತಪ್ಪ ಮಂಡಿ ಹಿಡಿದುಕೊಂಡು ಆಗಲೇ ಎದ್ದಿದ್ದ.

ಕಾಕಾ ದಾರಿ ತೋರಿಸಲಿ, ನಾನು ರುಚಿ ತೋರಿಸುತ್ತೇನೆ ಎಂದುಕೊಂಡು, ಸುಮಯ್ಯಾ ಮಾದರಿಗೆಂದು ಕರಿದಿಟ್ಟಿದ್ದ ಗೆಡ್ಡೆ ಭಜಿಯ ತಟ್ಟೆ ಹಿಡಿದು ಅವನ ಹಿಂದೆಯೇ ಓಡಿದಳು.

ಅವನು ಕಿಟಕಿಗೆ ಬಾಗಿದ್ದ. ಒಂದು ಕೈ ಹೊಟ್ಟೆಯ ಮೇಲಿತ್ತು.

“ಬ್ಯಾಡ್ರೆಪಾ,” ಎನ್ನುತ್ತಿದ್ದ. “ಇಲ್ಲಿ ತಿಂದು ನಾ ದವಾಖಾನಿ ಕಂಡು ಬಂದೇನಿ. ಮುಂದ ಹೋಗ್ರಿ.”

ವ್ಯಾನು ಹೋಯಿತು. ಸುಮಯ್ಯಾ ತಟ್ಟೆ ಹಿಡಿದೇ ಅವನ ಮುಂದೆ ಬಂದಳು.

“ಕಾಕಾ... ಫೋನಿನಾಗಿಂದು?”

ಅವಳ ಬೆನ್ನ ಹಿಂದೆ ಒಲೆಗೆ ನೀರು ಬಿದ್ದು ಚುಂಯ್ ಎಂದಿತು. ಹುಸೇನಬಿ ಆಡಿದ ಮಾತಿಗೆ ತಪ್ಪಿದವಳಲ್ಲ.

ಮಹಾಂತಪ್ಪ ತಟ್ಟೆಯಿಂದ ಒಂದು ಭಜಿ ಎತ್ತಿ, ಮುರಿದು, ಅರ್ಧವನ್ನು ಶಿವಗಂಗವ್ವನಿಗೆಂದು ಜೋಪಾನವಾಗಿ ಹಿಡಿದುಕೊಂಡು ಹೇಳಿದ: “ಬೆಂಚಿನವ್ರೆಲ್ಲಾ ಸೇರಿ ಬರದೀವವ್ವಾ, ಆ ಮಂದಿಗೆ ರುಚಿ ಹತ್ತಿದ್ರ ನಮಗೆಲ್ಲಿ ಉಳೀತಿತ್ತು?”