ಕುದುರೆಯ ಎತ್ತರ

"ಒಂದೇ ವಸಂತದಲ್ಲಿ ಒಂದು-ಒಂದೂವರೆ ಮೀಟರ್ ನೀರು ಎಲ್ಲಿಗೆ ಹೋಯ್ತಪ್ಪಾ?"

ಬುರುಲ್ ಕೇಳಿದ್ದು ಗೋಡೆಯನ್ನೋ ದೇವರನ್ನೋ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂತರ್ಜಲ ಕಚೇರಿಯ ಕಂಪ್ಯೂಟರಿನಲ್ಲಿ ನೆಲದಡಿಯ ಮಣ್ಣು, ಮರಳು, ಜಲ್ಲಿ ಪದರಪದರವಾಗಿ ಬಣ್ಣ ತಳೆದು ನಿಂತಿದ್ದವು. ನೀಲಿಯಾಗಿರಬೇಕಿದ್ದ ನೀರಿನ ಮಟ್ಟ ಮಾತ್ರ ಹನ್ನೆರಡು ಬಾವಿಗಳ ಕಡೆ ಕೆಂಪಗೆ ಕುಸಿದು ಕೂತಿತ್ತು. ನಾಳೆ ಈ ನಕ್ಷೆ ರಾಜಧಾನಿ ಬಿಷ್ಕೆಕ್‌ಗೆ ಹೋಗಬೇಕು. ಕೆಂಪು ಕಂಡರೆ ಕೊಕ್-ತಾಲ್ ಹಳ್ಳಿಗೆ ಕುಡಿಯುವ ನೀರಿನ ಹೊಸ ಬಾವಿ ಇಲ್ಲ.

ಹನ್ನೆರಡನ್ನೂ ಅಳೆದವರು ಅದೇ ಹಳ್ಳಿಯ ಶಾರ್ಶೆನ್ ತಾತ. ಈ ತಿಂಗಳ ಅಳತೆಯ ಪುಸ್ತಕ ಕೊಡಲು ಅವರು ಆಗಲೇ ಕಿಟಕಿಯಾಚೆ ಬಂದು ನಿಂತಿದ್ದರು, ಕುದುರೆಯ ಮೇಲೆ.

"ತಾತ, ಸರಿಯಾಗಿ ಅಳೆದಿದ್ದೀರಾ?"

"ನಿನ್ನ ಆ ಪೆಟ್ಟಿಗೆ ಹುಟ್ಟೋಕೆ ಮುಂಚಿಂದ ಅಳೀತಿದ್ದೀನಿ."

"ಹೇಗೆ ಅಂತ ತೋರಿಸಿ ನೋಡೋಣ."

ತಾತ ಜೀನಿನ ಮೇಲೆ ಕೂತಲ್ಲೇ ಒಂಚೂರು ಬಾಗಿ, ಕೆಳಗೆ ನಿಜಕ್ಕೂ ಬಾವಿಯಿದೆಯೆಂಬಂತೆ ಟೇಪನ್ನು ಗಂಭೀರವಾಗಿ ಇಳಿಬಿಟ್ಟರು. "ಡುಬುಕ್ ಅಂದ ತಕ್ಷಣ ಕೈ ಹತ್ರ ಎಷ್ಟಿದೆ ನೋಡೋದು. ಅಷ್ಟೇ."

ಬುರುಲ್ ಟೇಪನ್ನು ನೋಡಿದಳು, ಕುದುರೆಯನ್ನು ನೋಡಿದಳು. "ಈ ವಸಂತದಿಂದ ಹೀಗೇನಾ?"

"ಹೂಂ, ಈ ವಸಂತದಿಂದ."

ಅವಳು ಹೊರಗೋಡಿ ತಾತನ ಕೈಯಿಂದ ನೆಲದವರೆಗೆ ಅಳೆದಳು. ಒಂದು ಮೀಟರ್ ಐವತ್ತೆರಡು. ಅಳತೆ ಎಷ್ಟು ಎತ್ತರದಿಂದ ಶುರುವೆಂದು ಹೇಳಲು ಕಂಪ್ಯೂಟರಿನಲ್ಲಿ ಒಂದು ಖಾನೆಯಿತ್ತು. ಅದರಲ್ಲಿ ಕುದುರೆಯನ್ನು ತುಂಬಿದಳು. ಒಂಬತ್ತು ಬಾವಿಗಳು ನೀಲಿಗೆ ಬಂದವು. ಉಳಿದ ಮೂರರಲ್ಲಿ ನೀರು ಇರಬೇಕಾದ್ದಕ್ಕಿಂತ ಮೇಲೇರಿ ಗುಡ್ಡವಾಯಿತು.

"ತಾತ, ಈ ಮೂರಕ್ಕೆ ಏನಾಗಿತ್ತು?"

ತಾತ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅವತ್ತು ಕುದುರೆಗೆ ಲಾಳ ಹೊಡೀತಿದ್ರು. ಬೀಗರ ಕತ್ತೆ ಮೇಲೆ ಹೋಗಿದ್ದೆ. ಯಾರಿಗೂ ಹೇಳ್ಬೇಡ ಮಗಳೇ."

"ಕತ್ತೆ ಎಷ್ಟೆತ್ತರ?"

"ಬೀಗರಿಗಿಂತ ಸ್ವಲ್ಪ ಗಿಡ್ಡ."

ಕೊನೆಗೆ ಕೈಯಿಂದ ಮಟ್ಟ ತೋರಿಸಿದರು. ಬುರುಲ್ ಅದನ್ನೂ ಅಳೆದು, ಒಂಬತ್ತರ ಮುಂದೆ 'ಕುದುರೆ', ಮೂರರ ಮುಂದೆ 'ಕತ್ತೆ' ಎಂದು ಬರೆದಳು. ಕಣಿವೆಯಿಡೀ ನೀಲಿಯಾಯಿತು.

"ನಿಮ್ಮೂರ ಹೊಸ ಬಾವಿ ಉಳೀತು ತಾತ. ಮುಂದಿನ ತಿಂಗಳಿಂದ ಮಾತ್ರ, ದಯವಿಟ್ಟು, ಕೆಳಗಿಳಿದು ಅಳೀರಿ."

"ಈ ಮೊಣಕಾಲಿಟ್ಕೊಂಡು ಇಳಿದ್ರೆ, ಮತ್ತೆ ಹತ್ತಿಸೋಕೆ ಇಬ್ಬರು ಹಿಂದಿಂದ ತಳ್ಳಬೇಕು. ಅದೂ ಊರೆಲ್ಲ ನೋಡೋ ಹಾಗೆ." ತಾತ ಕುದುರೆಯನ್ನು ತಿರುಗಿಸಿದರು. "ಬೇಕಾದ್ರೆ ಬಾವಿಗಳನ್ನ ಎತ್ತರಿಸ್ಕೋ. ನಾನು ಇಳಿಯಲ್ಲ."