ಕೆಂಡ ಕಪ್ಪಾಗುವ ಮುನ್ನ

ಹೆಲ್ವಿ ತನ್ನ ಸೂಟ್‌ಕೇಸಿನ ಮೇಲೆ ಕೂತು ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತಿದ್ದಾಗ, ಹೊಗೆಗೂಡು ಗುಡಿಸುವ ತೈಮಿ ಬಾಗಿಲು ತಟ್ಟಿ ಒಳಗೆ ಬಂದಳು. ಒಂದು ಗಂಟೆಯ ಬಸ್ಸಿಗೆ ಇನ್ನು ಹತ್ತು ನಿಮಿಷವಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ಒಳಗೆ ಹೆಲ್ವಿಯ ಗಂಡ ಔಲಿಸ್ ಬರೀ ಬನಿಯನ್ನಿನಲ್ಲಿ, ಇಟ್ಟಿಗೆಯ ಒಲೆಗೆ ಬೆನ್ನು ಕೊಟ್ಟು ಕಾಫಿ ಕುಡಿಯುತ್ತಿದ್ದ.

"ಎಲ್ಲಿಗೆ ಹೊರಟ್ರಿ, ಹೆಲ್ವಕ್ಕ?"

"ಕಾಯಾನಿಗೆ. ತಂಗಿ ಮನೆಗೆ."

"ಎಷ್ಟು ದಿನಕ್ಕೆ?"

"ಸಾಯೋವರೆಗೆ."

ತೈಮಿ ಔಲಿಸನ ಮುಖ ನೋಡಿದಳು. ಔಲಿಸ್ ಕಾಫಿ ಲೋಟದ ತಳ ನೋಡಿದ.

"ಚಳಿಗಾಲ ಬಂತು ಅಂದ್ರೆ ನಂಗೆ ತಲೆನೋವು," ಎಂದಳು ಹೆಲ್ವಿ. "ಡಾಕ್ಟ್ರು ವಯಸ್ಸಾಯ್ತು ಅಂದ್ರು. ಪಾದ್ರಿ ಪ್ರಾರ್ಥನೆ ಸಾಲ್ದು ಅಂದ. ಕೊನೆಗೆ ನಾನೇ ಕಂಡುಹಿಡಿದೆ. ಇವನು ಮೀನು ಹಿಡೀತೀನಿ ಅಂತ ಸರೋವರದ ಮಂಜುಗಡ್ಡೆ ಮೇಲೆ ಹೋಗಿ ನಾಲ್ಕು ದಿನ ಕೂತ್ರೆ, ಮಾರನೇ ದಿನಕ್ಕೇ ನನ್ನ ತಲೆ ಹತ್ತಿಯ ಹಾಗೆ ಹಗುರ. ವಾಪಸ್ ಬಂದ, ಸಂಜೆಗೆ ಸುತ್ತಿಗೆ ಏಟು ಶುರು. ಒಂದ್ಸಲ ಅಲ್ಲ, ಐದು ಸಲ ನೋಡಿದೀನಿ. ದೇಹಕ್ಕೆ ಗೊತ್ತಾಗ್ತದೆ ಕಣಮ್ಮ."

"ನಾನು ಬಾಯೇ ಬಿಡಲ್ವಲ್ಲ," ಎಂದ ಔಲಿಸ್.

"ಅದೇ ನಾನು ಹೇಳೋದೂ. ನಿನ್ನ ಮಾತಿಂದ ಬಂದಿದ್ರೆ ಕಿವಿಗೆ ಹತ್ತಿ ಇಟ್ಕೊಳ್ತಿದ್ದೆ. ಮೌನಕ್ಕೆ ಏನು ಇಟ್ಕೊಳ್ಳಲಿ?"

ಅಷ್ಟರಲ್ಲಿ ತೈಮಿಯ ಮಸಿಯಂಗಿಗೆ ಸಿಕ್ಕಿಸಿದ್ದ, ಬೆಂಕಿಪೊಟ್ಟಣದಷ್ಟಿದ್ದ ಹಳದಿ ಯಂತ್ರವೊಂದು ಕಿರುಚಿಕೊಂಡಿತು.

"ಫೋನು ಬಂತು ನೋಡು," ಎಂದ ಔಲಿಸ್.

ಅದು ಫೋನಾಗಿರಲಿಲ್ಲ. ತೈಮಿ ಯಂತ್ರದ ಅಂಕಿಯನ್ನು ಒಮ್ಮೆ ನೋಡಿ, ಓಡಿಹೋಗಿ ಕಿಟಕಿ ತೆರೆದಳು, ಬಾಗಿಲು ತೆರೆದಳು. ಚಳಿ ನೆಲದ ಮೇಲೆ ನೀರಿನಂತೆ ಹರಿದು ಬಂತು.

"ಏಯ್! ಊರನ್ನೆಲ್ಲ ಬೆಚ್ಚಗೆ ಮಾಡೋಕೆ ನಾನು ಕಟ್ಟಿಗೆ ಒಡೀತೀನಾ?" ಔಲಿಸ್ ಕೂಗಿದ.

ತೈಮಿ ಒಲೆಯ ಬಾಯಿ ತೆರೆದಳು. ಒಳಗೆ ಕೆಂಡದ ರಾಶಿ, ಅದರ ಮೇಲೆ ಸಣ್ಣ ನೀಲಿ ಉರಿ. ಹೊಗೆಗೂಡಿಗೆ ಅಡ್ಡ ಹಾಕುವ ಕಬ್ಬಿಣದ ತಗಡು ಪೂರ್ತಿ ಒಳಗೆ ಹೋಗಿತ್ತು. ಅದನ್ನು ಹೊರಗೆಳೆದಳು.

"ನಿನ್ನೆಯಿಂದ ಒಲೆ ಹಚ್ಚಬೇಡಿ ಅಂತ ಫೋನಲ್ಲಿ ಹೇಳಿದ್ದೆನಲ್ಲ?"

"ಚಳಿಗೂ ಒಂದು ಫೋನು ಮಾಡಿ ಹೇಳ್ಬೇಕಿತ್ತು."

"ನಡೀರಿ, ಇಬ್ಬರೂ ಮೊದಲು ಹೊರಗೆ ನಡೀರಿ."

ಮೂವರೂ ಜಗುಲಿಗೆ ಬಂದು ನಿಂತರು. ಔಲಿಸನ ಬನಿಯನ್ನಿನ ಮೇಲೆ ಸಿಕ್ಕಿದ್ದೊಂದು ಕೋಟು. ಅದು ಹೆಲ್ವಿಯ ಹಳೆಯ ಕೋಟು. ಹೆಲ್ವಿ ಸೂಟ್‌ಕೇಸನ್ನು ಮರೆಯದೆ ಎಳೆದುಕೊಂಡು ಬಂದಿದ್ದಳು.

"ಆ ತಗಡು ಯಾರು ಮುಚ್ಚೋದು?" ತೈಮಿ ಕೇಳಿದಳು.

"ನಾನೇ," ಎಂದ ಔಲಿಸ್, ಹೆಮ್ಮೆಯಿಂದ. "ಕಾಗದದ ಕಾರ್ಖಾನೆ ಮುಚ್ಚಿ ನನ್ನನ್ನ ಮನೆಗೆ ಅಟ್ಟಿದಾಗಿನಿಂದ. ಅದಕ್ಕೆ ಮುಂಚೆ ಇವಳು ನೋಡ್ಕೊಳ್ತಿದ್ಲು. ಕೆಂಡ ಪೂರ್ತಿ ಕಪ್ಪಾಗೋವರೆಗೂ ಮುಚ್ಚದೆ ಅರ್ಧ ಕಾಡನ್ನ ಆಕಾಶಕ್ಕೆ ಕಳಿಸ್ತಿದ್ಲು. ನಾನು ಉರಿ ಇಳಿದ ಕೂಡಲೇ ಮುಚ್ಚಿಬಿಡ್ತೀನಿ. ಈ ಬೀದೀಲಿ ನಮ್ಮಷ್ಟು ಬೆಚ್ಚಗಿರೋ ಮನೆ ಇನ್ನೊಂದಿಲ್ಲ."

"ಔಲಿಸಣ್ಣ ಇಲ್ಲದಾಗ ಒಲೆ ಹಚ್ತೀರಾ ಹೆಲ್ವಕ್ಕ?"

"ಮುಟ್ಟೋಕೆ ಬಿಡ್ತಾನಾ? ಕರೆಂಟ್ ಹೀಟರ್ ಹಾಕ್ಕೋತೀನಿ."

ತೈಮಿ ನಿಟ್ಟುಸಿರು ಬಿಟ್ಟಳು. ಅದು ಬಿಳಿ ಮೋಡವಾಗಿ ಅವಳ ಮುಂದೆ ನಿಂತಿತು. "ನೀಲಿ ಉರಿ ಆಡ್ತಿರುವಾಗ ಮುಚ್ಚಿದ್ರೆ ವಿಷಗಾಳಿಗೆ ಮೇಲೆ ಹೋಗೋಕೆ ದಾರಿ ಇಲ್ಲ, ಮನೆಯೊಳಗೇ ತಿರುಗ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಈ ಯಂತ್ರಕ್ಕೆ ಮಾತ್ರ ಗೊತ್ತಾಗ್ತದೆ. ಮೊದಲು ತಲೆ ನೋಯ್ತದೆ. ಆಮೇಲೆ ನಿದ್ದೆ ಬರ್ತದೆ. ಆಮೇಲೆ ಯಾರಾದರೂ ಬಂದು ಬಾಗಿಲು ಒಡೀಬೇಕು. ಇವತ್ತೇ ಆಸ್ಪತ್ರೆಗೆ ಹೋಗಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."

ಹೆಲ್ವಿ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ಗೆದ್ದವಳ ಕಳೆ ಬಂದು, ಅರೆಕ್ಷಣದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋಯಿತು. ತಲೆನೋವಿಗೆ ಕಾರಣ ಅವನೇ ಹೌದು. ಆದರೆ ಅವನಲ್ಲ.

"ನಿಮಗೆ ತಲೆ ನೋಯಲ್ವಾ ಔಲಿಸಣ್ಣ?"

ಔಲಿಸ್ ಕಾಲಿನಿಂದ ಜಗುಲಿಯ ಹಿಮ ಬದಿಗೆ ತಳ್ಳಿದ.

"ನೋಯ್ತದೆ."

"ಯಾವಾಗಿಂದ?"

"ಹನ್ನೊಂದು ಚಳಿಗಾಲ."

"ಹನ್ನೊಂದು!" ಹೆಲ್ವಿ ಚೀರಿದಳು. "ಒಂದು ದಿನವಾದ್ರೂ ಹೇಳಿದ್ಯೇನೋ?"

"ಏನಂತ ಹೇಳಲಿ? ಸರೋವರಕ್ಕೆ ಹೋದ್ರೆ ಹೋಗ್ತಿತ್ತು. ಮನೆಗೆ ಬಂದ್ರೆ ಬರ್ತಿತ್ತು." ಅವನು ಕೋಟಿನ ಗುಂಡಿಗಾಗಿ ತಡಕಾಡಿದ. ಹೆಂಗಸರ ಕೋಟು, ಗುಂಡಿ ಆಚೆ ಕಡೆಗಿತ್ತು. "ನಾನೂ ನೀನೇ ಕಾರಣ ಅಂದ್ಕೊಂಡಿದ್ದೆ."

ಬೀದಿಯ ತುದಿಯಲ್ಲಿ ಬಸ್ಸು ತಿರುಗಿತು. ಸೂಟ್‌ಕೇಸು ನೋಡಿ ಚಾಲಕ ನಿಧಾನಿಸಿದ, ಬಾಗಿಲು ತೆರೆದ, ಒಮ್ಮೆ ಹಾರ್ನ್ ಹೊಡೆದ. ಜಗುಲಿಯ ಮೇಲೆ ಯಾರೂ ಕದಲಲಿಲ್ಲ. ಅವನು ಏನೋ ಗೊಣಗಿ ಬಾಗಿಲು ಮುಚ್ಚಿಕೊಂಡು ಹೋದ. ಬಸ್ಸಿನ ಸದ್ದು ಅಡಗುವವರೆಗೂ ಹೆಲ್ವಿ ಕಾದಳು.

"ನಾನೇ ಕಾರಣ ಅಂದ್ಕೊಂಡೂ ಹನ್ನೊಂದು ವರ್ಷ ಯಾಕೆ ಬಿಟ್ಟುಹೋಗ್ಲಿಲ್ಲ ನೀನು?"

ಔಲಿಸ್ ಈ ಪ್ರಶ್ನೆಯನ್ನು ಮೊದಲ ಸಲ ಕೇಳುತ್ತಿರುವವನಂತೆ ಅವಳನ್ನು ನೋಡಿದ.

"ಬರೀ ತಲೆನೋವು ತಾನೇ," ಎಂದ. "ಅದರಿಂದ ಯಾರಾದ್ರೂ ಸಾಯ್ತಾರಾ?"